ಬುತ್ತಿ ಡಬ್ಬಿ ನಿರಪರಾಧಿ ಎಂಬ ಬಗ್ಗೆ

ಇಂದ:
ಮಲ್ಲೇಶ್ವರಿ, ಬಿ.ಸಿ.ಎ.,
ಸರ್ವರ್ ಕೋಣೆ, ಬಾಗಿಲ ಹಿಂದಿನ ಕುರ್ಚಿ

ಗೆ:
ಶ್ರೀ ದೇವೇಂದ್ರಪ್ಪನವರು, ವ್ಯವಸ್ಥಾಪಕರು,
ಬೀಜ ಮಾರಾಟ ಸಂಘ, ಕೊಪ್ಪಳ

ವಿಷಯ: ಸರ್ವರಿನ ಮೇಲೆ ಬಿದ್ದ ಅಕಾರಣ ಹೊರೆಯ ಕಾರಣ ಸಿಕ್ಕಿರುವ ಕುರಿತು.

ಉಲ್ಲೇಖ: ಜವಾನ ಮರ್ದಾನಸಾಬರನ್ನು ಬರುವ ಸೋಮವಾರದಿಂದ ಬೇವೂರು ಗೋದಾಮಿಗೆ ವರ್ಗಾಯಿಸಿದ ತಮ್ಮ ಆದೇಶ.

ಮಾನ್ಯರೇ,

ಅರ್ಜಿದಾರಳು ತಮ್ಮ ಕೋಣೆಯ ಬಾಗಿಲ ತನಕ ಮೂರು ಸಲ ಬಂದು, ಮೂರೂ ಸಲ ನೀರು ಕುಡಿದು ಹಿಂದಿರುಗಿದ ಕಾರಣ, ವಿಷಯವನ್ನು ಬರವಣಿಗೆಯಲ್ಲಿ ಸಲ್ಲಿಸುತ್ತಿದ್ದಾಳೆ.

1. ಹದಿನೈದು ದಿನಗಳಿಂದ, ಬೆಳಿಗ್ಗೆ ಹತ್ತೂವರೆ ಆಯಿತೆಂದರೆ ಸರ್ವರ್ ತೆವಳುತ್ತದೆ. ನಾಲ್ಕು ಜನ ಕೂಡುವ ಬೆಂಚಿನ ಮೇಲೆ ಅರವತ್ತು ಜನ ಒತ್ತಿ ಕೂತಷ್ಟು ಹೊರೆ. ಗಂಗಾವತಿ ಶಾಖೆಯಿಂದ ಫೋನು: "ಒಂದು ಬಿಲ್ಲು ಬರೂದ್ರಾಗ ಇಲ್ಲಿ ಬೀಜ ಮೊಳಕಿ ಒಡಿತಾವ್ರಿ!"

2. ಮರ್ದಾನಸಾಬರು ಇರಕಲ್ಲಗಡದ ಬಸ್ಸಿಳಿದು, ಹತ್ತು ಗಂಟೆಗೆ ಬುತ್ತಿ ಡಬ್ಬಿಯನ್ನು ಸರ್ವರಿನ ಬೆಚ್ಚನೆಯ ನೆತ್ತಿಯ ಮೇಲಿಡುವುದು ರೂಢಿ. ಡಬ್ಬಿ ಹತ್ತಕ್ಕೆ, ತೆವಳಾಟ ಹತ್ತೂವರೆಗೆ. ಆದ್ದರಿಂದ ತಾವು, "ಅದರ ಉಸಿರು ಕಟ್ಟಿಸೀಯಲ್ಲೋ, ಗಾಳಿ ಎಲ್ಲಿಂದ ಬರ್ಬೇಕು ಅದಕ್ಕ?" ಎಂದಿರಿ. ಅವರು, "ಎರಡು ರೊಟ್ಟಿ, ಒಂದೀಟು ಪುಂಡಿಪಲ್ಲೆ ಸಾಹೇಬ್ರ. ಅಷ್ಟಕ್ಕ ಇಷ್ಟು ದೊಡ್ಡ ಮಷೀನು ಸುಸ್ತಾಗತೈತೇನ್ರಿ?" ಎಂದರು. ವರ್ಗಾವಣೆ ಆಯಿತು.

3. ಡಬ್ಬಿ ಹೊರಗೆ ಹೋಗಿ ನಾಲ್ಕು ದಿನವಾದರೂ ತೆವಳಾಟ ನಿಲ್ಲದ ಕಾರಣ, ಸರ್ವರಿನೊಳಗೆ ಯಾವ ಕೆಲಸ ಯಾರ ಹೆಸರಿನಲ್ಲಿ ನಡೆದಿದೆ ಎಂಬ ಪಟ್ಟಿಯನ್ನು ಅರ್ಜಿದಾರಳು ತೆರೆದಳು. ಅರವತ್ತರಲ್ಲಿ ಐವತ್ತಾರು ಸಾಲಿನ ಮುಂದಿದ್ದ ಹೆಸರು: ಮಲ್ಲೇಶ್ವರಿ. ಪಟ್ಟಿ ಮುಚ್ಚಿ, ಅತ್ತಿತ್ತ ನೋಡಿ, ಮತ್ತೆ ತೆರೆದಳು. ಹೆಸರು ಬದಲಾಗಿರಲಿಲ್ಲ.

4. ಅರ್ಜಿದಾರಳು ದಿನಚರಿ ಬರೆಯುವವಳು. ಹೊಸ ಸಾಲು ಬರೆಯುವ ಮುನ್ನ ಮೊದಲ ಪುಟದಿಂದ ಓದಿಕೊಂಡು ಬರುವುದು ಆಕೆಯ ಚಾಳಿ. ಹದಿನಾಲ್ಕು ತಿಂಗಳ ಹಿಂದೆ, ಸರ್ವರ್ ಸಹ ನಿಮಿಷಕ್ಕೊಮ್ಮೆ ತನ್ನ ಯೋಗಕ್ಷೇಮ ಬರೆದಿಡಲೆಂದು ಒಂದು ಪುಟ್ಟ ಪ್ರೋಗ್ರಾಂ ಮಾಡಿ, ಅದಕ್ಕೂ ಅದೇ ಚಾಳಿ ಕಲಿಸಿದ್ದಳು. ಈಗ ಅದರ ದಿನಚರಿ ಆರು ಲಕ್ಷ ಸಾಲು. ಕಚೇರಿ ಕೆಲಸ ಶುರುವಾದೊಡನೆ ಓದು ನಿಧಾನವಾಗಿ, ಒಂದು ಓದು ಮುಗಿಯುವ ಮೊದಲೇ ಮುಂದಿನ ನಿಮಿಷದ ಓದು ಬಂದು ಹಿಂದೆ ನಿಲ್ಲುತ್ತಿತ್ತು. ಎಲ್ಲವೂ ಓದುತ್ತಿದ್ದದ್ದು ಒಂದೇ ಮಾತು: "ನಾನು ಚೆನ್ನಾಗಿದ್ದೇನೆ."

5. ನಿನ್ನೆ ಪ್ರೋಗ್ರಾಂ ನಿಲ್ಲಿಸಲಾಯಿತು. ಹತ್ತೇ ನಿಮಿಷದಲ್ಲಿ ಹೊರೆ ಇಳಿಯಿತು. ವಿಷಯ ತಿಳಿದ ಮರ್ದಾನಸಾಬರು, "ಹೇಳಬ್ಯಾಡವ್ವಾ. ನಿನ್ನ ನೌಕರಿ ಇನ್ನಾ ಪಕ್ಕಾ ಆಗಿಲ್ಲ. ನಂದೇನು, ಎರಡು ಬಸ್ಸು ಬದಲಿಸಿ ಬೇವೂರಿಗೆ ಹೋಗ್ತೀನಿ ಬಿಡು" ಎಂದಿದ್ದಾರೆ. ಈ ಅರ್ಜಿಗೆ ಅದೇ ಕಾರಣ.

ಆದ್ದರಿಂದ ವರ್ಗಾವಣೆಯನ್ನು ರದ್ದುಪಡಿಸಿ, ಕಾರಣ ಕೇಳುವ ನೋಟಿಸನ್ನು ಅರ್ಜಿದಾರಳ ಹೆಸರಿಗೆ ಹೊರಡಿಸಬೇಕು. ವಿಚಾರಣೆಯನ್ನೂ ಬರವಣಿಗೆಯಲ್ಲೇ ನಡೆಸಬೇಕು. ಎದುರಿಗೆ ಕರೆದರೆ ಆಕೆ ಮತ್ತೆ ನೀರು ಕುಡಿಯುತ್ತಾಳೆ.

ತಮ್ಮ ವಿಶ್ವಾಸಿ, ಸದ್ಯ ಬಾಗಿಲ ಹಿಂದೆಯೇ ಇರುವ,
ಮಲ್ಲೇಶ್ವರಿ

ಲಗತ್ತು:
1. ಐವತ್ತಾರು ಸಾಲಿನ ಪಟ್ಟಿ.
2. ದಿನಚರಿಯ ಎರಡು ಪುಟ. (ತಮ್ಮ ಕುರಿತ ಮೂರು ಸಾಲಿಗೆ ಮಸಿ ಬಳಿದಿದೆ.)
3. ಬುತ್ತಿ ಡಬ್ಬಿ, ಒಂದು. ಪರಿಶೀಲಿಸಿ ಊಟದ ಹೊತ್ತಿಗೆ ಹಿಂದಿರುಗಿಸುವುದು.

ಕೊನೆಯ ವಿನಂತಿ: ಹೊರೆ ಇಳಿದು ಸರ್ವರಿನ ನೆತ್ತಿ ತಣ್ಣಗಾಗಿರುವ ಕಾರಣ, ಮರ್ದಾನಸಾಬರ ರೊಟ್ಟಿ ಇನ್ನು ಬೆಚ್ಚಗಾಗುವುದಿಲ್ಲ. ಆದ್ದರಿಂದ ಕಚೇರಿಯಿಂದ ಒಂದು ಹಾಟ್‌ಬಾಕ್ಸ್ ಮಂಜೂರು ಮಾಡಬೇಕು.