ಸುಣ್ಣದ ಶಿಲುಬೆ

ಭಾನುವಾರ ಚರ್ಚಿನ ಆರಾಧನೆ ಮುಗಿಸಿ ಹೊರಬಂದ ಸಭೆಯ ಹಿರಿಯರ ಬಿಳಿ ಕೋಟಿನ ಮೇಲೆ ಅತ್ತಿಮರದ ಹಕ್ಕಿಯೊಂದು ಹಿಕ್ಕೆ ಹಾಕಿದ್ದೇ ಎಲ್ಲಕ್ಕೂ ಮೂಲ.

ಸೋಮವಾರ ಬೆಳಗ್ಗೆ ಗಂಟೆ ಬಾರಿಸುವ ಕೆಂಡಣ್ಣ ದೇವಾಲಯದ ಅಂಗಳ ಗುಡಿಸುತ್ತಿದ್ದ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನಾದ್ದರಿಂದ ಅವನ ನಿಜವಾದ ಹೆಸರು ಊರಿಗೆ ಮರೆತೇ ಹೋಗಿತ್ತು. ಹಿರಿಯರು ಬಂದವರೇ, "ಇವತ್ತು ಮರ ಕಡಿಯೋನು ಬರ್ತಾನೆ. ಈ ಅತ್ತಿ ತೆಗೆಸಿಬಿಡು," ಎಂದರು.

ಪೊರಕೆ ನಿಂತಿತು. ಆ ಮರ ಕೆಂಡಣ್ಣನ ಅಪ್ಪ ನೆಟ್ಟದ್ದು. ಅಪ್ಪನೂ ಇದೇ ಗಂಟೆಯ ಹಗ್ಗ ಎಳೆದವನು. ಸಾಯುವಾಗ ಮಗನಿಗೆ ಬಿಟ್ಟುಹೋದದ್ದು ಆ ಹಗ್ಗ, ಈ ಮರ, ಮತ್ತು "ದೇವರ ಗಿಡ, ನೋಡ್ಕೋ" ಎಂಬ ಮೂರು ಮಾತು.

"ನಿನ್ನೆ ತಾನೆ ಪಾದ್ರಿ ಅಯ್ಯನವರು ಪೀಠದ ಮೇಲೆ ನಿಂತು ಏನಂದ್ರು? ದೇವರು ಮನುಷ್ಯನಿಗೆ ಕೊಟ್ಟ ಮೊದಲನೇ ಉದ್ಯೋಗ ತೋಟ ಕಾಯೋದು ಅಂತ. ನೀವೇ ಎಲ್ಲರಿಗಿಂತ ಜೋರಾಗಿ ಆಮೆನ್ ಅಂದ್ರಿ!"

"ತೋಟ ಅಂದ್ರು. ಒಂಟಿ ಮರ ತೋಟ ಆಗಲ್ಲಪ್ಪಾ. ಅದೂ ಅತ್ತಿ! ಹಣ್ಣು ಬಿಚ್ಚಿದ್ರೆ ಬರೀ ಹುಳ."

"ಕೋಟು ಬಿಚ್ಚಿದ್ರೆ ಇನ್ನೇನೇನು ಇದೆಯೋ!"

ಸದ್ದಿಗೆ ಪಕ್ಕದ ಮನೆಯ ದರ್ಜಿ ಅಕ್ಕ ಬೇಲಿಗೆ ಬಂದು ನಿಂತಳು, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ. "ಕಡೀಲಿ ಬಿಡಣ್ಣ. ತರಗೆಲೆ ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದೋಯ್ತು."

ಹಾರ್ಮೋನಿಯಂ ಮೇಷ್ಟ್ರೂ ಸೇರಿಕೊಂಡರು. "ಆ ಹಕ್ಕಿಗಳು ಶ್ರುತಿಗೆ ಕೂಗಲ್ಲ. ಕೀರ್ತನೆ ಕೆಡುತ್ತೆ."

"ಕೀರ್ತನೆ ಕೆಡ್ತಿರೋದು ಹಕ್ಕಿಯಿಂದಲಾ ಮೇಷ್ಟ್ರೇ? ನೀವು ಹುಟ್ಟೋಕೆ ಮೊದಲೇ ಅವು ದೇವರನ್ನ ಹಾಡ್ತಿದ್ವು!"

ಕಾದ ಹೆಂಚಿಗೆ ನೀರು ಬಿದ್ದಂತೆ ಚುರುಗುಟ್ಟುತ್ತ, ಪೊರಕೆ ಹಿಡಿದೇ ಕೆಂಡಣ್ಣ ಅಯ್ಯನವರ ಮನೆಗೆ ನುಗ್ಗಿದ. ಅವರು ಗಡ್ಡ ಹೆರೆದುಕೊಳ್ಳುತ್ತಿದ್ದರು. ಒಂದು ಕೆನ್ನೆಯಲ್ಲಿ ಇನ್ನೂ ನೊರೆ.

"ಅಯ್ಯನವರೇ, ನಿಮ್ಮ ಪ್ರಸಂಗ ಆ ಪೀಠದ ಮೆಟ್ಟಿಲು ಇಳಿಯೋದೇ ಇಲ್ಲ ಅಂದ್ರೆ, ಮೊದಲು ಆ ಪೀಠಾನೇ ಕಡೀಲಿ. ಅದೂ ಮರದ್ದೇ!"

ಅಯ್ಯನವರು ಕೆನ್ನೆಯ ನೊರೆ ಒರೆಸಿಕೊಂಡರು. "ಸರಿ ಕಣಪ್ಪ. ಅತ್ತಿ ಇರಲಿ. ಹಿಂದುಗಡೆ ಒಣಗಿ ನಿಂತಿರೋ ಮರಾನ ಕಡೀಲಿ. ಹಿರಿಯರಿಗೆ ನಾನು ಹೇಳ್ತೀನಿ, ಮರ ಕಡಿಯೋನಿಗೆ ನೀನು ಹೇಳು."

ಫೋನಿನಲ್ಲಿ ಮರ ಕಡಿಯುವವನ ದನಿಗಿಂತ ಅವನ ಗರಗಸದ ಯಂತ್ರವೇ ಜೋರಾಗಿತ್ತು.

"ಎರಡು ಮರ ಇದಾವೆ ಕಣೋ! ಒಂದು ಉಳೀಬೇಕು!"

"ಆಂ? ಎರಡಿದ್ರೆ ಗುರುತು ಹಾಕಿಡಣ್ಣ! ನಾನು ಗುರುತು ನೋಡಿ ಕೆಲಸ ಮಾಡೋನು!"

ಯಾವ ಗುರುತೆಂದು ಕೆಂಡಣ್ಣ ಯೋಚಿಸಬೇಕಾಗಲೇ ಇಲ್ಲ. ಸಮಾಧಿಗಳಿಗೆ ಬಳಿಯಲು ಕಲಸಿಟ್ಟ ಸುಣ್ಣ ತಂದು, ಅತ್ತಿಯ ಕಾಂಡದ ಮೇಲೆ ಆಳೆತ್ತರದ ಶಿಲುಬೆ ಬರೆದ. ಗೆರೆ ಸೊಟ್ಟಗಾದಲ್ಲಿ ಅಂಗೈಯಿಂದಲೇ ತಿದ್ದಿದ. ಶಿಲುಬೆಯ ಮೇಲೆ ಕೊಡಲಿ ಎತ್ತುವ ಗಂಡು ಯಾರಿದ್ದಾನೆ, ಬರಲಿ! ದರ್ಜಿ ಅಕ್ಕ ಬೇಲಿಯಾಚೆಯಿಂದಲೇ ತಲೆಗೆ ಸೆರಗು ಹೊದ್ದುಕೊಂಡಳು. ಹಿರಿಯರು ಟೋಪಿ ತೆಗೆದರು. ಹಲ್ಲು ಕಚ್ಚಿಕೊಂಡೇ ತೆಗೆದರು.

ಸಂಜೆ ಕೆಂಡಣ್ಣ ಎಂದಿನಂತೆ ಕಿವಿಗೆ ಹತ್ತಿ ತುರುಕಿಕೊಂಡು ಗೋಪುರ ಹತ್ತಿದ. ಗೆದ್ದ ಹುರುಪಿನಲ್ಲಿ ಐದು ನಿಮಿಷದ ಗಂಟೆಯನ್ನು ಇಪ್ಪತ್ತು ನಿಮಿಷ ಬಾರಿಸಿದ. ಇಳಿದು ಬಂದಾಗ ಅಂಗಳದಲ್ಲಿ ಆಕಾಶ ಹೆಚ್ಚಾಗಿತ್ತು.

ಅತ್ತಿ ಉದ್ದಕ್ಕೆ ಮಲಗಿತ್ತು. ಹಿಂದುಗಡೆ ಒಣಮರ ನೆಟ್ಟಗೆ ನಿಂತಿತ್ತು.

"ಏನೋ ಮಾಡಿದೆ, ಪಾಪಿ!"

ಮರ ಕಡಿಯುವವನು ಬೆವರು ಒರೆಸಿಕೊಂಡ. "ನೀನೇ ಗುರುತು ಹಾಕಿದ್ದಲ್ಲಣ್ಣ, ಕುರುಡನಿಗೂ ಕಾಣೋ ಹಂಗೆ! ಅಡ್ಡ ಒಂದು ಉದ್ದ ಒಂದು ಗೆರೆ ಎಳೆಯೋದು ಕಡಿಯೋ ಮರಕ್ಕೇ."

"ಅದು ಶಿಲುಬೆ ಕಣೋ!"

"ಗೊತ್ತು. ನಾನೂ ಇದೇ ಸಭೆಯೋನೇ. ಶಿಲುಬೆಗೆ ಹಾಕಿದ್ಮೇಲೆ ಉಳಿಸು ಅಂತ ಯಾರಾದ್ರೂ ತಿಳ್ಕೋತಾರಾ?"

ಹಿರಿಯರು ಟೋಪಿ ಮತ್ತೆ ಹಾಕಿಕೊಂಡರು. "ಬೇಜಾರು ಮಾಡ್ಕೋಬೇಡಪ್ಪ. ಮೂರನೇ ದಿನಕ್ಕೆ ಎದ್ದರೂ ಏಳಬಹುದು."

ಗೂಡು ಕಳೆದುಕೊಂಡ ಹಕ್ಕಿಗಳು ಸುತ್ತಿ ಸುತ್ತಿ ದಣಿದು ಕೊನೆಗೆ ಗಂಟೆಗೋಪುರದ ಅಂಚಿನಲ್ಲಿ ಸಾಲಾಗಿ ಕೂತವು. ಕೆಂಡಣ್ಣ ಅದರ ಬುಡದಲ್ಲೇ ನಿಂತಿದ್ದ. ಹೆಗಲ ಮೇಲೆ ಟಪ್ಪೆಂದು ಏನೋ ಬಿತ್ತು. ದಿನವಿಡೀ ಕೂಡಿಟ್ಟ ಬೈಗುಳವನ್ನೆಲ್ಲ ಒಮ್ಮೆಗೇ ಸುರಿಯಲು ಅವನು ತಲೆಯೆತ್ತಿ ಬಾಯಿ ತೆರೆದ.

ಮೇಲೆ ನಲವತ್ತಾದರೂ ಇದ್ದವು. ಬಾಯಿ ಮುಚ್ಚಿಕೊಂಡ.