ರಾಕ್ಷಸನ ಮಡಚು ಕುರ್ಚಿ

ಕತೆಗಳಲ್ಲಿ ಬರುವ ರಾಕ್ಷಸರ ಪ್ರಾಣ ಏಳು ಸಮುದ್ರದಾಚೆ, ಯಾವುದೋ ಪೊಟರೆಯೊಳಗಿನ ಗಿಳಿಯಲ್ಲಿ ಇರುತ್ತದಂತೆ. ಜಪಾನಿನ ಹಚಿನೊಹೆ ಬಂದರಿನ ‘ಕಬ್ಬಿಣದ ರಾಕ್ಷಸ’ ಗೆಂಜಿರೊನ ಪ್ರಾಣ ಮಾತ್ರ ಊರ ಕ್ರೀಡಾಭವನದ ಒಂದು ಮಡಚು ಕುರ್ಚಿಯಲ್ಲಿತ್ತು.

ಇಪ್ಪತ್ತೆರಡು ವರ್ಷ ಅವನು ಕುಸ್ತಿಯ ಅಖಾಡದಲ್ಲಿ ಖಳ. ಮುಖಕ್ಕೆ ಕರಿಬಣ್ಣ ಬಳಿದುಕೊಂಡು, ಗುರ್ರೆನ್ನುತ್ತಾ, ಅಂಥದೇ ಕುರ್ಚಿಯೊಂದನ್ನು ಮಡಚಿ ಎದುರಾಳಿಯ ಬೆನ್ನಿಗೆ ಬಾರಿಸುವುದು ಅವನ ಉದ್ಯೋಗ. ಕುರ್ಚಿಯ ಮೇಲೆ ಕೂತುಕೊಳ್ಳಲೂಬಹುದೆಂದು ಅವನಿಗೆ ಹೊಳೆದದ್ದು ನಲವತ್ತೊಂಬತ್ತನೇ ವಯಸ್ಸಿನಲ್ಲಿ, ಎರಡೂ ಮಂಡಿ ಕೈಕೊಟ್ಟು, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವ ಸ್ಥಿತಿ ಬಂದಮೇಲೆ. ಈಗ ಮೂರು ತಿಂಗಳಿಂದ ಅವನು ವೀಕ್ಷಕ ವಿವರಣೆಗಾರ. ಭಾನುವಾರದ ಕುಸ್ತಿ ಊರಿನ ಕೇಬಲ್ ಟಿವಿಯಲ್ಲಿ ನೇರವಾಗಿ ಬರುವಾಗ ಅಖಾಡದ ಪಕ್ಕ ಕೂತು ನಾಲ್ಕು ಮಾತಾಡಬೇಕು, ಅಷ್ಟೆ. ಕೂತು ಎಂಬ ಮಾತು ಕಿವಿಗೆ ಬಿದ್ದರೇ ಅವನ ಮಂಡಿಗಳು ಹಬ್ಬ ಮಾಡುತ್ತಿದ್ದವು.

ತೊಂದರೆ ಏನೆಂದರೆ, ಅಖಾಡದ ಹೊರಗೆ ಗೆಂಜಿರೊನಷ್ಟು ಮರ್ಯಾದಸ್ಥ ಇನ್ನೊಬ್ಬನಿರಲಿಲ್ಲ. ಬೆಕ್ಕು ಅಡ್ಡ ಬಂದರೂ ತಲೆಬಾಗಿ ದಾರಿ ಬಿಡುವವನು ಅವನು.

ಆ ಭಾನುವಾರ ಬೆಳಿಗ್ಗೆ ಆರಕ್ಕೇ ಫೋನು ಬಂತು. ಕುಸ್ತಿ ಮಂಡಳಿಯ ಒಡತಿ ಹೊರಿಯೆ ಮೇಡಂ.

“ಗೆಂಜಿರೊ ಅವರೇ, ಹೋದ ವಾರ ‘ಇಬ್ಬರೂ ಬಹಳ ಶ್ರಮಪಡ್ತಿದಾರೆ’ ಅಂತ ನಲವತ್ತೆರಡು ಸಲ ಹೇಳಿದ್ರಿ. ನಾನು ಬೆರಳು ಮಡಚಿ ಎಣಿಸಿದೀನಿ.”

“ಕ್ಷಮಿಸಿ ಮೇಡಂ. ಅವರು ನಿಜವಾಗ್ಲೂ ಶ್ರಮಪಡ್ತಿದ್ರು.”

“ಜನ ನನ್ನ ಕೇಳ್ತಿದಾರೆ, ಇದು ಕುಸ್ತಿನೋ ಸಂತಾಪ ಸಭೆನೋ ಅಂತ. ಇವತ್ತು ಮನಸ್ಸಲ್ಲಿ ನಿಲ್ಲೋ ಅಂಥ ಮಾತು ನಿಮ್ಮ ಬಾಯಿಂದ ಬರ್ಲಿಲ್ಲ ಅಂದ್ರೆ, ನಾಳೆಯಿಂದ ಆ ಕುರ್ಚಿ ನಿಮ್ಮದಲ್ಲ.”

ಗೆಂಜಿರೊ ಫೋನಿಗೇ ಬಾಗಿ ನಮಸ್ಕರಿಸಿದ. ಹಣೆ ಬಾಗಿಲಿನ ಚಿಲಕಕ್ಕೆ ಬಡಿಯಿತು. ಬಗ್ಗಿದ್ದು ಚಿಲಕ.

ಅದು ಸಾಲದೆಂಬಂತೆ ಅಂದಿನ ಪಂದ್ಯ ಇವಾಬುಚಿ ಅಣ್ಣನದು. ವಯಸ್ಸಿನಲ್ಲಿ ಇವಾಬುಚಿ ಗೆಂಜಿರೊನಿಗಿಂತ ಎರಡು ವರ್ಷ ಚಿಕ್ಕವನು. ಆದರೆ ಗರಡಿಮನೆಗೆ ಮೂರು ತಿಂಗಳು ಮೊದಲು ಸೇರಿದವನು. ಅಲ್ಲಿಗೆ ಮುಗಿಯಿತು, ಮೊದಲು ಸೇರಿದವನು ಸಾಯುವತನಕ ಅಣ್ಣ. ಅಣ್ಣನ ಬೆನ್ನುಜ್ಜಿ, ಸಾರು ಬಡಿಸಿ, ಬೂಟಿನ ದಾರ ಕಟ್ಟಿ ಬೆಳೆದವನು ಗೆಂಜಿರೊ. ಅಂಥವನನ್ನು ಮೈಕಿನಲ್ಲಿ ಹೆಸರು ಹಿಡಿದು ಕರೆಯುವುದಕ್ಕೇ ಅವನಿಗೆ ನಾಲಿಗೆ ಬರುತ್ತಿರಲಿಲ್ಲ, ಇನ್ನು ಟೀಕಿಸುವುದೆಲ್ಲಿ ಬಂತು.

ಚಿಂತೆ ಬಂದಾಗ ಆ ಊರಿನವರು ಹೋಗುವುದು ಸಾರ್ವಜನಿಕ ಸ್ನಾನಗೃಹಕ್ಕೆ. ಮೀನುಗಾರರ ಊರಾದ್ದರಿಂದ ‘ತ್ಸುರು’ ಸ್ನಾನಗೃಹದ ಬಾಗಿಲು ಬೆಳಗಿನ ಐದಕ್ಕೇ ತೆರೆದಿರುತ್ತದೆ. ಎತ್ತರದ ಪೀಠದಲ್ಲಿ, ಹಳೇ ಗೂಬೆಯ ಹಾಗೆ, ಒಡತಿ ಸೊನೊ ಅಜ್ಜಿ ಕೂತಿದ್ದಳು.

“ಏನಪ್ಪಾ ಗೆನ್, ಮುಖ ನೆನೆಸಿಟ್ಟ ಹುರುಳಿ ಥರ ಊದಿದೆ?”

ಗೆಂಜಿರೊ ಎಲ್ಲವನ್ನೂ ಹೇಳಿದ.

“ಅಷ್ಟೇನಾ. ಜನರ ಮನಸ್ಸಲ್ಲಿ ನಿಲ್ಲೋದು ಹೋಲಿಕೆ ಕಣೋ. ಕತೆ ಹೇಳೋರು ಸುಮ್ನೆ ‘ಬಿಸಿ’ ಅಂತಾರಾ? ‘ತ್ಸುರು ಸ್ನಾನಗೃಹದ ನೀರಿನಷ್ಟು ಬಿಸಿ’ ಅನ್ನು. ಮುದುಕರು ಜಾರದ ಹಾಗೆ ಗೋಡೆಗೆ ಹಿಡಿಕೆ ಹಾಕಿಸಿದೀನಿ, ಅದನ್ನೂ ಸೇರಿಸ್ಕೋ.”

ಒಳಗೆ ಕತ್ತಿನವರೆಗೆ ನೀರಲ್ಲಿ ಮುಳುಗಿದ್ದ, ಸೋಯಾ ಹಾಲಿನ ತೋಫು ಮಾಡಿ ಮಾರುವ ಒಕುಬೊಗೆ ಇದು ಕೇಳಿಸಿತು. “ಹಾಗಾದ್ರೆ ಮೆತ್ತಗಿರೋದಕ್ಕೆ ನಮ್ಮ ತೋಫುನ ಹೋಲಿಸ್ಬೇಕು ಗೆನ್‌ಸಾನ್. ನಾಲ್ಕು ಗಂಟೆಗೆ ಎದ್ದು ಮಾಡ್ತೀನಿ, ಅದನ್ನ ಹೇಳೋದು ಮರೀಬೇಡ.”

ಅವನ ಪಕ್ಕದ ಟವೆಲಿನಡಿಯಿಂದ ಕ್ಷೌರದ ನಿಶಿದಾತೆ ತಲೆ ಹೊರಹಾಕಿದ. “ನನ್ನ ಅಂಗಡಿ ಹೆಸರು ಹೇಳ್ಲಿಲ್ಲ ಅಂದ್ರೆ ಮುಂದಿನ ಸಲ ಅರ್ಧ ಗಡ್ಡ ಮಾತ್ರ ಬೋಳಿಸ್ತೀನಿ ನೋಡು.”

ಆಗುವುದಿಲ್ಲ ಎಂಬ ಮಾತು ಗೆಂಜಿರೊನಿಗೆ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಯಾರೂ ಕಲಿಸಿರಲಿಲ್ಲ. ಮಧ್ಯಾಹ್ನದೊಳಗೆ ಅಂಗಡಿ ಬೀದಿಗೆಲ್ಲ ಸುದ್ದಿ ಹಬ್ಬಿ, ಅವನ ಬಾಗಿಲಿಗೆ ತೋಫು, ಒಣಮೀನು, ಉಪ್ಪಿನಕಾಯಿ, ಒಂದು ಬಾಟಲಿ ತಲೆಎಣ್ಣೆ, ಹೀಗೆ ಹನ್ನೊಂದು ಉಡುಗೊರೆ ಬಂದು ಬಿದ್ದವು. ಒಂದೊಂದರ ಮೇಲೂ ಅಂಗಡಿಯ ಹೆಸರು, ಮೈಕಿನಲ್ಲಿ ಹೇಳಬೇಕಾದ ಮಾತು ಬರೆದ ಒಂದೊಂದು ಚೀಟಿ. ತೆಗೆದುಕೊಂಡ ಉಡುಗೊರೆಗೆ ತಿರುಗಿ ಏನೂ ಕೊಡದಿರುವುದೆಂದರೆ ಆ ಬೀದಿಯಲ್ಲಿ ಕಳ್ಳತನಕ್ಕಿಂತ ಸ್ವಲ್ಪ ಕೆಟ್ಟದ್ದು. ಗೆಂಜಿರೊ ಹನ್ನೊಂದು ಚೀಟಿಗಳನ್ನೂ ಕೋಟಿನ ಜೇಬಿಗೆ ತುರುಕಿಕೊಂಡು ಹೊರಟ.

ಕ್ರೀಡಾಭವನದ ಬಾಗಿಲಲ್ಲಿ ದೊಡ್ಡ ಚಿತ್ರಪಟ: ‘ಇವಾಬುಚಿ ಎದುರು ಬಂಗುಡೆ ಮುಖವಾಡದ ಪೈಲ್ವಾನ. ಸೋತರೆ ಇವಾಬುಚಿ ಬೂಟು ಕಳಚಿ ಶಾಶ್ವತವಾಗಿ ಅಖಾಡ ಬಿಡುತ್ತಾನೆ.’ ಇದು ಹೊಸದಲ್ಲ. ಟಿಕೇಟು ಕಡಿಮೆ ಹೋದಾಗಲೆಲ್ಲ ಅಣ್ಣ ಈ ಶಪಥ ಮಾಡುತ್ತಿದ್ದ. ಆರು ಸಲ ಮಾಡಿದ್ದ, ಆರು ಸಲವೂ ಗೆದ್ದಿದ್ದ.

“ಇವತ್ತೊಂದು ವಿಶೇಷ,” ಎಂದಳು ಹೊರಿಯೆ ಮೇಡಂ. “ಹಿಂದೆ ಕೂತಿರೋ ವಯಸ್ಸಾದೋರಿಗೆ ಅಖಾಡ ಕಾಣಲ್ಲ ಅಂತ ದೂರು ಬಂದಿದೆ. ಅದಕ್ಕೆ ನಿಮ್ಮ ಮೈಕನ್ನ ಇಡೀ ಭವನಕ್ಕೆ ಕೇಳಿಸೋ ಹಾಗೆ ಜೋಡಿಸಿದೀನಿ.”

ಗೆಂಜಿರೊ ತನ್ನ ಕುರ್ಚಿಯನ್ನು ಕೈಯಿಂದ ಒರೆಸಿ, ನವವಧುವಿನ ಹಾಗೆ ಅಂಚಿನಲ್ಲಿ ಕೂತ. ಪಕ್ಕದಲ್ಲಿ ಉದ್ಘೋಷಕ ಹಟ್ಟೊರಿ, ಮೂವತ್ತು ವರ್ಷ ಮೀನು ಹರಾಜು ಕೂಗಿ ನಿವೃತ್ತನಾದವನು.

ಗಂಟೆ ಹೊಡೆಯಿತು. “ಬಂದ, ಹಿಡಿದ, ಎತ್ತಿದ, ತಿರುಗಿಸಿದ, ಒಗೆದ, ಗೆಂಜಿರೊ ಅವರೇ ಏನಂತೀರಿ?” ಎಂದು ಹಟ್ಟೊರಿ ಒಂದೇ ಉಸಿರಿಗೆ ಹರಾಜು ಮುಗಿಸಿದ.

“ಇಬ್ಬರೂ ಬಹಳ...” ಎಂದ ಗೆಂಜಿರೊ. ಎದುರಿಗೆ ಹೊರಿಯೆ ಮೇಡಂ ಬೆರಳು ಮಡಚಲು ಸಿದ್ಧಳಾಗಿ ನಿಂತಿದ್ದಳು. ಅವನು ಜೇಬಿಗೆ ಕೈಹಾಕಿ ಸಿಕ್ಕಿದ ಚೀಟಿ ತೆಗೆದ. “ಇವಾಬುಚಿ ಅಣ್ಣನವರ ಹೊಟ್ಟೆ... ಒಕುಬೊ ಅವರ ತೋಫು ಥರ ಇದೆ. ಬೆಳಗಿನ ನಾಲ್ಕು ಗಂಟೆಗೆ ಮಾಡಿದ್ದು. ಬಹಳ ಮೆತ್ತಗೆ.”

 ಹಿಂದಿನ ಸಾಲಿನ ಮುದುಕಿಯೊಬ್ಬಳು ಕಿಸಕ್ಕೆಂದಳು, ಅಲ್ಲಿಂದ ನಗು ಹುಲ್ಲಿಗೆ ಬಿದ್ದ ಬೆಂಕಿಯ ಹಾಗೆ ಹಬ್ಬಿತು. ಮೇಡಂ ಕಣ್ಣರಳಿಸಿ, ಇನ್ನೂ ಬರಲಿ ಎಂದು ಕೈಬೀಸಿದಳು.

ಗೆಂಜಿರೊ ಇನ್ನೊಂದು ಚೀಟಿ ತೆಗೆದ. “ಅಣ್ಣನವರ ತಲೆಯಲ್ಲಿ ಈಗ ಕೂದಲಿಲ್ಲ. ಇದ್ದ ಕಾಲದಲ್ಲಿ ನಿಶಿದಾತೆ ಅವರ ಅಂಗಡೀಲೇ ಕತ್ತರಿಸ್ಕೊಳ್ತಿದ್ರು.”

ಅಖಾಡದೊಳಗೆ, ಬಂಗುಡೆಯ ಕತ್ತು ಹಿಡಿದಿದ್ದ ಇವಾಬುಚಿ ತಲೆ ಎತ್ತಿದ.

“ಬೆವರು ನೋಡಿದ್ರೆ ತ್ಸುರು ಸ್ನಾನಗೃಹದ ನೀರಿನ ನೆನಪಾಗುತ್ತೆ. ಅಲ್ಲಿ ಅಣ್ಣನವರಂಥ ಮುದುಕರು ಜಾರದ ಹಾಗೆ ಗೋಡೆಗೆ ಹಿಡಿಕೆ...”

ಇವಾಬುಚಿ ಬಂಗುಡೆಯನ್ನು ಅಲ್ಲೇ ಬಿಟ್ಟ. ಹಗ್ಗದಡಿಯಿಂದ ನುಸುಳಿ ಇಳಿದುಬಂದು, ಎರಡೂ ಕೈಯನ್ನು ಮೇಜಿನ ಮೇಲೆ ಊರಿ, ಮುಖವನ್ನು ಮುಂದೆ ಚಾಚಿದ.

“ಲೋ ಗೆನ್. ಏನಂದೆ ನೀನು?”

ಅಣ್ಣ ನಿಂತಿದ್ದಾನೆ, ತಾನು ಕೂತಿದ್ದೇನೆ ಎಂಬುದು ಗೆಂಜಿರೊನಿಗೆ ಆಗ ಅರಿವಾಯಿತು. ಸ್ಪ್ರಿಂಗಿನಂತೆ ಎದ್ದ. ಎದ್ದವನೇ ಸೊಂಟದಿಂದ ಪೂರ್ತಿ ಬಾಗಿದ. ತಪ್ಪು ಎಷ್ಟು ದೊಡ್ಡದೋ ನಮಸ್ಕಾರ ಅಷ್ಟು ಆಳವಾಗಬೇಕು, ವೇಗವೂ ಅಷ್ಟೇ ಇರಬೇಕು. ಇಪ್ಪತ್ತೆರಡು ವರ್ಷ ಎದುರಾಳಿಗಳ ತಿರುಗೇಟು ತಿಂದು ಹದವಾದ ಆ ಹಣೆ ಹೋಗಿ ಅಣ್ಣನ ಗದ್ದಕ್ಕೆ ಬಡಿಯಿತು.

ಆ ಶಬ್ದವನ್ನೂ ಮೈಕು ಇಡೀ ಭವನಕ್ಕೆ ಕೇಳಿಸಿತು.

“ಅಣ್ಣಾ, ಕ್ಷಮಿಸಿ,” ಎಂದು ಗೆಂಜಿರೊ ಮೇಜು ಸುತ್ತಿ, ನೆಲಕ್ಕುರುಳಿದ್ದ ಅಣ್ಣನ ಬಳಿ ಓಡಿದ. ಅಣ್ಣ ತೂರಾಡುತ್ತಾ ಏಳುವುದಕ್ಕೂ, ಇವನು ಎರಡನೇ ಸಲ ಬಾಗುವುದಕ್ಕೂ ಸರಿಹೋಯಿತು. ಅಣ್ಣ ಮತ್ತೆ ಮಲಗಿದ.

ಬಂಗುಡೆ ಮುಖವಾಡದವನು ಒಳ್ಳೆಯ ಹುಡುಗ. ಅಣ್ಣನನ್ನು ಮೂಟೆಯ ಹಾಗೆ ಹೊತ್ತು ಅಖಾಡಕ್ಕೆ ಸೇರಿಸಿದ. ಆಮೇಲೆ, ಹೇಗೂ ಬಂದದ್ದಾಯಿತಲ್ಲ ಎಂದು ಅವನ ಭುಜ ನೆಲಕ್ಕೊತ್ತಿ ಮೇಲೆ ಮಲಗಿದ. ರೆಫರಿ ಮೂರು ಎಣಿಸಿದ, ಅಣ್ಣ ಸೋತ. “ಹೋಯ್ತು, ಹೋಯ್ತು, ಇವಾಬುಚಿ ಹೋಯ್ತು!” ಎಂದು ಹಟ್ಟೊರಿ ಹಳೇ ಅಭ್ಯಾಸಬಲದಿಂದ ಹರಾಜು ಕೂಗಿಬಿಟ್ಟ.

ಪಂದ್ಯ ಮುಗಿದ ಮೇಲೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಗೆಂಜಿರೊ ಹಣೆಗೆ ಒದ್ದೆ ಟವೆಲು ಒತ್ತಿಕೊಂಡು ಕೂತಿದ್ದ. ಅವನ ಕುರ್ಚಿಯನ್ನು ಹೊರಿಯೆ ಮೇಡಂ ತಾನೇ ಹೊತ್ತುತಂದು ಹಾಕಿದ್ದಳು.

“ಫೋನು ಇಡೋಕೆ ಬಿಡ್ತಿಲ್ಲ ಜನ. ಇಂಥ ವಿವರಣೆ ಹುಟ್ಟಿದಾಗಿಂದ ಕೇಳಿಲ್ಲ ಅಂತಿದಾರೆ,” ಎಂದಳು.

“ಹಾಗಾದ್ರೆ ಮೇಡಂ, ಈ ಕುರ್ಚಿ...”

“ನಿಮ್ಮನ್ನ ಯಾರೂ ಎಬ್ಬಿಸೋ ಹಾಗಿಲ್ಲ. ನೀವಾಗೇ ಎದ್ರೆ ಮಾತ್ರ ಬೇರೆ ಮಾತು,” ಎಂದು ಮೇಡಂ ಬಾಗಿಲ ಕಡೆ ನೋಡಿದಳು.

ಗೆಂಜಿರೊನ ಮಂಡಿಗಳು ನಿಟ್ಟುಸಿರು ಬಿಟ್ಟವು. ಮೂರು ತಿಂಗಳಲ್ಲಿ ಮೊದಲ ಸಲ ಅವನು ಬೆನ್ನನ್ನು ಕುರ್ಚಿಗೆ ಪೂರ್ತಿ ಒರಗಿಸಿದ.

ಬಾಗಿಲು ಸರಿಯಿತು. ಇವಾಬುಚಿ ಬರಿಗಾಲಲ್ಲಿ ನಿಂತಿದ್ದ. ಗದ್ದ ಬದನೆಕಾಯಿಯಾಗಿತ್ತು, ಕಳಚಿದ ಬೂಟು ಕೈಯಲ್ಲಿತ್ತು. ಅವನ ಕಣ್ಣು ಕೂರಲು ಜಾಗ ಹುಡುಕಿತು.

ಗೆಂಜಿರೊನಿಗೆ ತಾನು ಎದ್ದದ್ದು ಗೊತ್ತೇ ಆಗಲಿಲ್ಲ. ಹಣೆಯ ಟವೆಲಿನಿಂದಲೇ ಕುರ್ಚಿ ಒರೆಸಿ, “ಅಣ್ಣಾ, ಕೂತ್ಕೊಳ್ಳಿ,” ಎಂದ.

ಅಣ್ಣ ಕೂತ.

“ಎಂಥ ದೊಡ್ಡ ಮನಸ್ಸು ನಿಮ್ಮದು ಗೆಂಜಿರೊ ಅವರೇ,” ಎಂದು ಹೊರಿಯೆ ಮೇಡಂ ಕಣ್ಣೊರೆಸಿಕೊಂಡಳು. “ಊರೆದುರು ಬೂಟು ಕಳಚಿದೋರಿಗೆ ಮೈಕಾದ್ರೂ ಕೊಡ್ಬೇಕಲ್ಲ, ನಿಮ್ಮನ್ನ ಹೇಗೆ ಕೇಳೋದು ಅಂತ ಒದ್ದಾಡ್ತಿದ್ದೆ. ಮುಂದಿನ ಭಾನುವಾರ ಬಂಗುಡೆ ಎದುರು ನೀವು, ‘ನಮಸ್ಕಾರದ ರಾಕ್ಷಸ’. ಚಿತ್ರಪಟ ಅಚ್ಚಿಗೆ ಹೋಯ್ತು.”

ಇವಾಬುಚಿ ಕೈಚಾಚಿದ. “ಗೆನ್, ಉಳಿದ ಚೀಟಿ ಎಲ್ಲ ಇಲ್ಲಿ ಕೊಡು. ನಂಗೆ ಮಾತು ಬರಲ್ಲ.”

ಬಾಗಿಲಲ್ಲಿ ಅಷ್ಟರಲ್ಲಿ ಒಕುಬೊ, ನಿಶಿದಾತೆ, ಸೊನೊ ಅಜ್ಜಿ ಬಂದು ನಿಂತಿದ್ದರು. ಒಕುಬೊನ ಕೈಯಲ್ಲಿ ಇನ್ನೊಂದು ತೋಫು ಪೊಟ್ಟಣ.

“ಇದೇ ಒಳ್ಳೇದಾಯ್ತು ಗೆನ್‌ಸಾನ್,” ಎಂದ ಅವನು. “ಮಾತು ಗಾಳೀಲಿ ಹೋಗುತ್ತೆ. ನಿನ್ನ ಕುಸ್ತಿ ಚಡ್ಡಿ ಹಿಂಭಾಗದಲ್ಲಿ ಎಷ್ಟೊಂದು ಜಾಗ ಖಾಲಿ ಇದೆ. ಅಲ್ಲಿ ಅಂಗಡಿ ಹೆಸರು ಬರೆಸಿದ್ರೆ...”

“ಎಡಗಡೆ ನಂದು,” ಎಂದಳು ಅಜ್ಜಿ.

ಇಲ್ಲ ಎನ್ನಬೇಕೆಂದು ಗೆಂಜಿರೊ ಬಾಯಿ ತೆರೆದ. ಬಾಯಿಗೆ ಆ ಮಾತು ಬರಲಿಲ್ಲ, ಸೊಂಟಕ್ಕೆ ಅಭ್ಯಾಸ ಬಂತು. ಅವನು ಬಾಗತೊಡಗಿದಂತೆ ಎಲ್ಲರೂ ಎರಡೆರಡು ಹೆಜ್ಜೆ ಹಿಂದೆ ಸರಿದರು.

ಇವಾಬುಚಿ ಅಣ್ಣ ಮಾತ್ರ ಸರಿಯಲಿಲ್ಲ. ಸಿಕ್ಕಿದ ಕುರ್ಚಿಯನ್ನು ಯಾರು ಬಿಡುತ್ತಾರೆ? ಎರಡೂ ಕೈಯಿಂದ ಗದ್ದ ಮುಚ್ಚಿಕೊಂಡು ಅಲ್ಲೇ ಕೂತಿದ್ದ.