ಬೆನಕಪ್ಪ ಕಿತ್ತ ವೈರು

"ಇನ್ನು ಮ್ಯಾಲೆ ನಮ್ಮ ಮನ್ಯಾಗ ಧಾರಾವಾಹಿ ಅನ್ನೋ ಶಬ್ದ ಕೇಳಿದ್ರ ನಾನು ಬೆನಕಪ್ಪನೇ ಅಲ್ಲ!"

ಶಿಕಾರಿಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಬೆನಕಪ್ಪ, ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಲೇ ಈ ಘೋರ ಪ್ರತಿಜ್ಞೆ ಮಾಡಿದ. ಸಾಕ್ಷಿಗೆ ಇದ್ದವನು ಮಗ ಸಂಗಮೇಶ್ ಒಬ್ಬನೇ. ಆಯುಧ ಜೇಬಿನಲ್ಲಿತ್ತು. ಟಿ.ವಿ.ಗೂ ಅದರ ಕೆಳಗಿನ ಡಬ್ಬಕ್ಕೂ ನಡುವೆ ಸಿಕ್ಕಿಸುವ ಕರಿ ವೈರನ್ನು ಮನೆಯವರು ಏಳುವ ಮೊದಲೇ ಕಿತ್ತು ತಂದಿದ್ದ. ಸ್ಯಾಂಪಲ್ ಮೆಕ್ಕೆಜೋಳದ ಬೀಜ ಇಡುವ ಡ್ರಾದೊಳಗೆ ಅದನ್ನು ತುರುಕಿ, ಬೀಗ ಜಡಿದು, ಯುದ್ಧ ಗೆದ್ದವನಂತೆ ಮೀಸೆ ತಿರುವಿದ. ಹಿಂದಿನ ದಿನವಷ್ಟೇ ಬಣ್ಣ ಹಚ್ಚಿದ್ದ ಮೀಸೆಯದು, ಬೆರಳು ಕರ್ರಗಾಯಿತು.

ಸಂಗಮೇಶನ ಮುಖ ಮಾತ್ರ ಬಿಳುಪೇರಿತು. "ಅಪ್ಪಾಜಿ, ಬ್ಯಾಡ್ರಿ. ಹೋಗಿ ವಾಪಸ್ ಹಾಕಿ ಬರ್ರಿ."

"ಯಾಕಲೇ, ಹೆದರತೀಯಾ?"

"ನಿಮಗ ಗೊತ್ತಾಗಲ್ಲ ಬಿಡ್ರಿ."

ಬೆನಕಪ್ಪನಿಗೆ ಗೊತ್ತಿದ್ದದ್ದು ಒಂದೇ, ತಣ್ಣನೆಯ ರೊಟ್ಟಿ! ಸಂಜೆ ಅವನು ಹಸಿದು ಮನೆಗೆ ಬರುವ ಹೊತ್ತಿಗೆ ಸರಿಯಾಗಿ 'ಮಂದಾರಳ ಮನೆ' ಶುರುವಾಗುತ್ತಿತ್ತು. ಹೆಂಡತಿ ನಿರ್ಮಲಮ್ಮ ಸೋಫಾದ ಈ ತುದಿಗೆ, ಸೊರಬದಿಂದ ತಂದ ಸೊಸೆ ದೀಪಶ್ರೀ ಆ ತುದಿಗೆ. ಧಾರಾವಾಹಿ ಮುಗಿದ ಮೇಲಾದರೂ ಏಳುತ್ತಾರೆಯೇ? ಇಲ್ಲ! ಆಮೇಲೆ ವಿಮರ್ಶೆ. ಈಚೆಗೆ ಹಳೇ ಮಂದಾರ ಬಿಟ್ಟುಹೋಗಿ, ಆ ಪಾತ್ರಕ್ಕೆ ಹೊಸಬಳೊಬ್ಬಳು ಬಂದ ಮೇಲಂತೂ ವಿಮರ್ಶೆ ಧಾರಾವಾಹಿಗಿಂತ ಉದ್ದವಾಗಿತ್ತು.

"ಈಕಿ ಮುಖ ನೋಡು. ಹಿಟ್ಟು ನಾದಿ ಮರೆತು ಬಿಟ್ಟಂಗ ಐತಿ," ಎನ್ನುವಳು ನಿರ್ಮಲಮ್ಮ. "ಆ ಗಂಡ ಅನ್ನೋನಿಗಿಂತ ನಮ್ಮ ಬಂದಳಿಕೆ ಗುಡಿ ಬಾಗಿಲ ಕಲ್ಲಿನ ಗೊಂಬಿ ವಾಸಿ. ಅದಾದ್ರೂ ಒಂಚೂರು ನಗತೈತಿ!"

"ಅವಳ ಮುಖ ಅವಳೇನು ಮಾಡ್ಕಂಡಿದ್ದಾ ಅತ್ತೆ?" ಎಂದು ದೀಪಶ್ರೀ ಎದ್ದುಕೂರುವಳು. "ರೂಪ ಆಡ್ಕಳೋದು ತಪ್ಪು. ಬೈಯೋದಿದ್ರೆ ಕಥೆ ಬರೆದೋನಿಗೆ ಬೈರಿ. ಅತ್ತೆ ಅನ್ನೋಳು ಇನ್ನೂ ಎಷ್ಟು ದಿನ ಸೊಸೆ ಕೈಗೆ ಸಿಗದಂಗೆ ಉಪ್ಪಿನ ಡಬ್ಬ ಬಚ್ಚಿಡ್ತಾಳೆ?"

"ಮಂದಾರ ಬಿಸಿಲು ಏರೋ ತನಕ ಮಲಗಿದ್ರ ಇನ್ನೇನು ಮಾಡಬೇಕವ್ವಾ?"

"ರೂಪ ದೊಡ್ಡದೋ ಕಥೆ ದೊಡ್ಡದೋ" ಎಂಬ ಈ ಗೋಷ್ಠಿ ಮುಗಿಯುವಷ್ಟರಲ್ಲಿ ಬೆನಕಪ್ಪನ ತಟ್ಟೆಯ ರೊಟ್ಟಿ ಹಪ್ಪಳದ ತಮ್ಮನಾಗಿರುತ್ತಿತ್ತು. ಬಾಯಿ ಹಾಕಿದರೆ ಇಬ್ಬರೂ ಒಟ್ಟಿಗೆ, "ನಿಮಗ ಗೊತ್ತಾಗಲ್ಲ, ಸುಮ್ಮನಿರ್ರಿ" ಎಂದು ಕೂರಿಸಿಬಿಡುತ್ತಿದ್ದರು. ಆದ್ದರಿಂದ ವೈರು ಡ್ರಾ ಸೇರಿತು.

ಮೊದಲ ಸಂಜೆ ಬೆನಕಪ್ಪನ ದಿಗ್ವಿಜಯ! "ಟಿ.ವಿ. ವೈರು ಇಲಿ ಕಡಿದಿತ್ತು, ರಿಪೇರಿಗೆ ಕೊಟ್ಟೀನಿ. ತಡ ಆಗತೈತಂತ," ಎಂದು ಮುಖ ಬಾಡಿಸಿಕೊಂಡು ಹೇಳಿದ. ದೀಪಶ್ರೀ ಮೊಬೈಲಿನಲ್ಲಿ ಧಾರಾವಾಹಿ ಹಚ್ಚಿ ಅತ್ತೆಯ ಮುಂದೆ ಹಿಡಿದಳು. ನಿರ್ಮಲಮ್ಮ ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ಕೈ ಆಡಿಸಿಬಿಟ್ಟಳು.

"ತೆಗಿಯವ್ವ ಅತ್ಲಾಗ. ಹೆಬ್ಬೆಟ್ಟಿನಷ್ಟು ಮುಖದಾಗ ಮೂಗು ಸೊಟ್ಟ ಐತೋ ಬಾಯಿ ಸೊಟ್ಟ ಐತೋ ಹೆಂಗ ಹೇಳೋದು? ಆಡಿಕೊಳ್ಳಾಕ ಆಗದಿದ್ದ ಮ್ಯಾಲೆ ನೋಡಿ ಏನು ಬಂತು!"

ಹಂಚಿನಿಂದ ಎದ್ದ ಬಿಸಿ ರೊಟ್ಟಿ ನೇರವಾಗಿ ತಟ್ಟೆಗೆ ಬಂತು. ಬೆನಕಪ್ಪ ಉಬ್ಬಿದ ರೊಟ್ಟಿಯ ಹೊಟ್ಟೆ ಒಡೆದು, ಹಬೆ ಮೂಗಿಗೆ ಎಳೆದುಕೊಂಡು ಕಣ್ಣು ಮುಚ್ಚಿದ. ಸ್ವರ್ಗ!

ಸ್ವರ್ಗ ಮೂರನೆಯ ತುತ್ತಿನವರೆಗೆ ಇತ್ತು.

ನಿರ್ಮಲಮ್ಮನ ಕಣ್ಣುಗಳಿಗೆ ಆ ಹೊತ್ತಿನಲ್ಲಿ ಯಾರನ್ನಾದರೂ ನೋಡಲೇಬೇಕಾದ ಅಭ್ಯಾಸ. ಕಪ್ಪಗಿದ್ದ ಟಿ.ವಿ.ಯನ್ನು ಸ್ವಲ್ಪ ನೋಡಿದವು. ಬೆನಕಪ್ಪನನ್ನು ನೋಡಿದವು, ಹಳೇ ಕಂತು. ಅಲ್ಲಿಂದ ಸೊಸೆಯ ಮೇಲೆ ಹೋಗಿ ನಿಂತವು.

"ದೀಪಾ, ಈ ಸೀರಿ ಬಣ್ಣ ನಿನಗ ಒಪ್ಪಲ್ಲ ನೋಡು. ಮುಖ ಬಾಡಿದಂಗ ಕಾಣತೈತಿ."

ದೀಪಶ್ರೀ ಮೊಬೈಲು ಕೆಳಗಿಟ್ಟಳು.

"ಕಾಣಲಿ ಬಿಡಿ ಅತ್ತೆ," ಎಂದಳು ದೀಪಶ್ರೀ, ತಣ್ಣಗೆ. "ಮದುವೆ ಆದಾಗಿಂದ ಇದೇ ಮಾತು ಹೇಳ್ತಿದೀರಿ. ನಮ್ಮನೆ ಕಥೆ ಮುಂದಕ್ಕೇ ಹೋಗ್ತಾ ಇಲ್ಲ."

ಬೆನಕಪ್ಪ ನಾಲ್ಕನೆಯ ತುತ್ತನ್ನು ತಟ್ಟೆಗೇ ವಾಪಸ್ ಇಟ್ಟ. ಮಂಕುಬಡಿದ ತಲೆಗೆ ಆಗ ನಿಧಾನಕ್ಕೆ ಬೆಳಕು ಬಿತ್ತು. ಮಂದಾರ ತಡವಾಗಿ ಏಳುತ್ತಾಳೆ ಎಂದು ನಿರ್ಮಲಮ್ಮ ಬೈದ ಮರುದಿನ ದೀಪಶ್ರೀ ಕೋಣೆಯಲ್ಲಿ ಅಲಾರಾಂ ಬೇಗ ಹೊಡೆದಿತ್ತು. ಉಪ್ಪಿನ ಡಬ್ಬದ ಕಥೆಗೆ ದೀಪಶ್ರೀ ಬೈದ ಮರುದಿನ ಅಡುಗೆಮನೆಯ ಮೇಲಿನ ಅಟ್ಟಣೆಯಿಂದ ಡಬ್ಬ ತಾನಾಗಿ ಕೆಳಗಿಳಿದಿತ್ತು! ಇವರಿಬ್ಬರ ಜಗಳವನ್ನೆಲ್ಲ ಇಷ್ಟು ದಿನ ಮಂದಾರ ಮತ್ತು ಅವಳ ಅತ್ತೆ ತಮ್ಮ ಮೈಮೇಲೆ ಹಾಕಿಕೊಂಡು, ಇವರ ಪಾಲಿನ ಕಣ್ಣೀರನ್ನೂ ತಾವೇ ಸುರಿಸುತ್ತಿದ್ದರು. ಆ ಪುಣ್ಯಾತ್ಗಿತ್ತಿಯರ ವೈರನ್ನು ಬೆನಕಪ್ಪ ಕಿತ್ತು ಜೇಬಿಗೆ ಹಾಕಿಕೊಂಡಿದ್ದ!

ಆದರೆ ಪ್ರತಿಜ್ಞೆ ಮಾಡಿಬಿಟ್ಟಿದ್ದಾನಲ್ಲ? ಗಂಡಸು ಅಷ್ಟು ಬೇಗ ಡ್ರಾ ತೆಗೆಯಬಹುದೇ?

ಮರುದಿನ ಒಲೆಯ ಮೇಲೆ ಎರಡು ಸಾರು ಕುದಿದವು. ಅತ್ತೆಯದೊಂದು, ಸೊಸೆಯದೊಂದು. ಬೆನಕಪ್ಪ ಎರಡನ್ನೂ ಸಮಸಮ ಬಡಿಸಿಕೊಂಡು, ಯಾವುದನ್ನೂ ಹೊಗಳದೆ, ಯಾವುದಕ್ಕೂ ಮುಖ ಸಿಂಡರಿಸದೆ ಉಂಡ. ಆಮೇಲಿನ ದಿನ ಅತ್ತೆ-ಸೊಸೆ ಮಾತೇ ಬಿಟ್ಟರು. ಹೇಳುವುದೆಲ್ಲ ಬೆನಕಪ್ಪನ ಮೂಲಕ. "ಮಾವ, ಹಾಲು ಉಕ್ತಾ ಇದೆ ಅಂತ ಅವರಿಗೆ ಹೇಳಿ." "ರೀ, ಉಕ್ಕಿಸಿದೋರೇ ಇಳಿಸಲಿ ಅಂತ ಆಕಿಗೆ ಹೇಳ್ರಿ." ಅವನು ಹೇಳಿ ಮುಗಿಸುವಷ್ಟರಲ್ಲಿ ಹಾಲು ಒಲೆಗೆಲ್ಲ ಅಭಿಷೇಕವಾಗಿತ್ತು.

ಅದರ ಮಾರನೆಯ ಸಂಜೆ ಮನೆಗೆ ಬಂದರೆ ಪಡಸಾಲೆಯಲ್ಲಿ ದೀಪಶ್ರೀಯ ಬ್ಯಾಗು! ಬೆಳಗಿನ ಬಸ್ಸಿಗೆ ಸೊರಬಕ್ಕೆ ಹೊರಟಿದ್ದಾಳಂತೆ. ಬೆನಕಪ್ಪ ಬೆವರಿ, ಬೀಗತಿ ಲೋಕಮ್ಮನಿಗೆ ಫೋನು ಹಚ್ಚಿದ.

"ನೀವಾದ್ರೂ ಮಗಳಿಗೆ ಒಂದು ಮಾತು ಹೇಳ್ರಿ ಬೀಗರೇ."

"ಬರ್ಲಿ ಬಿಡಿ ಬೀಗರೇ," ಎಂದಳು ಲೋಕಮ್ಮ ನಿರಾಳವಾಗಿ. "ಇಲ್ಲಿ ಟಿ.ವಿ. ಸರಿ ಅದೆ."

ಸಂಗಮೇಶ್ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ತನ್ನ ತೀರ್ಮಾನ ಹೇಳಿದ. "ಅಕಿ ಹೋದ್ರ ನಾನೂ ಅದೇ ಬಸ್ಸಿಗೆ. ಬಿತ್ತನೆ ಟೈಮು, ತಾಳಗುಂದದೋರು ಬೀಜಕ್ಕೆ ಬರ್ತಾರ. ಅಂಗಡಿ ನೀವೇ ನೋಡಿಕೊಳ್ರಿ."

ಮನೆ ಎರಡು ಹೋಳಾಗುವುದು ಬೆನಕಪ್ಪನ ಕಣ್ಣಿಗೆ ಕಟ್ಟಿತು. ಹುಡುಗಿ ಬಂದ ಮೇಲೆಯೇ ಆ ಮನೆಯಲ್ಲಿ ನಗುವಿನ ಸದ್ದು ಹುಟ್ಟಿದ್ದು. ನಿರ್ಮಲಮ್ಮನಿಗೂ ಜೊತೆಗೆ ಕೂತು ಹರಟಲು ಒಬ್ಬಳು ಸಿಕ್ಕಿದ್ದು. ಅವನು ಪ್ರತಿಜ್ಞೆಯನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟದೆ, ಬೈಕು ಹತ್ತಿ ಅಂಗಡಿಗೆ ಓಡಿದ. ವೈರು ತಂದು ಸಿಕ್ಕಿಸಿದ. "ರಿಪೇರಿ ಆಗೈತಿ!" ಎಂದು ಯಾರೂ ಕೇಳದಿದ್ದರೂ ಘೋಷಿಸಿದ.

ಟಿ.ವಿ. ಬೆಳಗಿತು. ಸೋಫಾದ ಈ ತುದಿ ತುಂಬಿತು. ಸ್ವಲ್ಪ ಹೊತ್ತಿಗೆ, ಬಸ್ಸಿಗೆ ಇನ್ನೂ ಸಮಯವಿದೆ ಎಂಬಂತೆ, ಆ ತುದಿಯೂ ತುಂಬಿತು. ತೆರೆಯ ಮೇಲೆ ಮಂದಾರ ಬ್ಯಾಗು ಹಿಡಿದು, ಅಳುತ್ತಾ ಹೊಸಿಲು ದಾಟುವುದರಲ್ಲಿದ್ದಳು.

ನಿರ್ಮಲಮ್ಮ ಗಂಟಲು ಸರಿಮಾಡಿಕೊಂಡಳು. ಸೊಸೆಯತ್ತ ತಿರುಗಲಿಲ್ಲ. "ಹುಡುಗಿ ಹೋಗಬಾರದು. ಆ ಅತ್ತಿ ಬಾಯಿ ಸಡಿಲ, ಮನಸು ಕೆಟ್ಟದ್ದಲ್ಲ. ಹುಡುಗಿ ಇಲ್ಲದಿದ್ರ ಆ ಮುದುಕಿ ಯಾರ ಕೂಡ ಮಾತಾಡತೈತಿ?"

"ಎಲ್ಲಿ ಹೋಗ್ತಾಳೆ ಬಿಡಿ ಅತ್ತೆ," ಎಂದಳು ದೀಪಶ್ರೀ, ಅವಳೂ ತೆರೆಯನ್ನೇ ನೋಡುತ್ತಾ. "ಆ ಬ್ಯಾಗಲ್ಲಿ ಇರೋದೇ ಎರಡು ಸೀರೆ."

ಬೆನಕಪ್ಪನ ಕಣ್ಣು ಮಂಜಾಯಿತು. ತಣ್ಣನೆಯ ರೊಟ್ಟಿಯೂ ಅವತ್ತು ಬೆಣ್ಣೆಯಂತೆ ಇಳಿಯಿತು.

ಜಾಹೀರಾತು ಬಂದಾಗ ನಿರ್ಮಲಮ್ಮ ಎದ್ದು, ಟಿ.ವಿ.ಯ ಹಿಂದೆ ಕೈ ಹಾಕಿ ವೈರನ್ನು ಸವರಿದಳು. ಇಲಿಯ ಹಲ್ಲಿನ ಗುರುತು ಎಲ್ಲಿಯೂ ಇರಲಿಲ್ಲ. ಬೆರಳಿಗೆ ಅಂಟಿದ್ದು ಗುಲಾಬಿ ಪುಡಿ, ಮೆಕ್ಕೆಜೋಳದ ಬೀಜಕ್ಕೆ ಹಚ್ಚುವ ಔಷಧದ ಪುಡಿ. ಅವಳು ಬೆರಳನ್ನು ಸೊಸೆಗೆ ತೋರಿಸಿದಳು. ಸೊಸೆ ಬೆರಳನ್ನೂ ಮಾವನನ್ನೂ ಒಮ್ಮೆ ನೋಡಿದಳು. ನಿರ್ಮಲಮ್ಮ ಏನೂ ಆಗದವಳಂತೆ ಬಂದು ತನ್ನ ತುದಿಗೆ ಕೂತಳು. ಬೆನಕಪ್ಪನಿಗೆ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಧಾರಾವಾಹಿ ಮತ್ತೆ ಶುರುವಾಯಿತು. ಮಂದಾರಳ ಮಾವ, ಪೇಪರು ಹಿಡಿದು ಕೂತ ಮನೆಯ ಯಜಮಾನ, ತೆರೆಯ ಮೇಲೆ ಕಾಣಿಸಿಕೊಂಡ.

"ಈ ಯಪ್ಪನ ಮೀಸಿ ನೋಡು ದೀಪಾ. ಬಣ್ಣ ಗಲ್ಲಕ್ಕೂ ಇಳದೈತಿ. ಬೂಟ್ ಪಾಲಿಶ್ ಹಚ್ಚಿದಂಗ!"

ಬೆನಕಪ್ಪ ಆಸೆಯಿಂದ ಸೊಸೆಯತ್ತ ನೋಡಿದ. ರೂಪ ಆಡಿಕೊಳ್ಳುವುದು ತಪ್ಪೆಂದು ವಾದಿಸುವವಳು ಈ ಮನೆಯಲ್ಲಿ ಅವಳೊಬ್ಬಳೇ.

"ರೂಪ ಬಿಡಿ ಅತ್ತೆ," ಎಂದಳು ದೀಪಶ್ರೀ. "ಈ ಪಾತ್ರನ ಕಥೇಲಿ ಯಾಕೆ ಇಟ್ಕಂಡಿದಾರೆ ಅಂತಾನೇ ನಂಗೆ ತಿಳೀತಿಲ್ಲ."

ಮರುದಿನ ಬೆಳಿಗ್ಗೆ ಬೆನಕಪ್ಪ ಮೀಸೆಯನ್ನು ಸೋಪು ಹಚ್ಚಿ ಹಚ್ಚಿ ತೊಳೆದ. ಸಂಜೆ ಬೇಗ ಮನೆಗೆ ಬಂದು, ಯಾರೂ ಹೇಳದೆ ಅಡುಗೆಮನೆ ಹೊಕ್ಕು, ಹಂಚು ಇಟ್ಟು, ತಾನೇ ರೊಟ್ಟಿ ತಟ್ಟಿದ. ಆಕಾರ ಶಿವಮೊಗ್ಗ ಜಿಲ್ಲೆಯ ನಕ್ಷೆಯಂತೆ ಬಂದರೂ ಬಿಸಿಯಾಗಿತ್ತು. ಬಿಳಿ ಮೀಸೆಗೆ ಹಿಟ್ಟು ಮೆತ್ತಿಕೊಂಡು ತಟ್ಟೆ ಹಿಡಿದು ಪಡಸಾಲೆಗೆ ಬಂದ.

ನಿರ್ಮಲಮ್ಮ ಕನ್ನಡಕ ಏರಿಸಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ದೀಪಾ, ಪಾತ್ರಧಾರಿ ಬದಲಾದಂಗ ಕಾಣತೈತಲ್ಲೇ!"

ದೀಪಶ್ರೀ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, ವಿಮರ್ಶಕಿಯ ಗಾಂಭೀರ್ಯದಿಂದ ಅಗಿದಳು.

"ಅಡ್ಡಿಯಿಲ್ಲ ಅತ್ತೆ. ಹಳಬರಿಗಿಂತ ಇವರೇ ವಾಸಿ."